ಆಟಕ್ಕೆ ಹನ್ನೆರಡು ದೇವರನ್ನು ಸೃಷ್ಟಿಸಿದ್ದೇನೆ, ಆಟಗಾರರು ಒಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಏನು ಮಾಡಲಿ?

ಬೆಂಕಿಗೊಬ್ಬ, ಮಳೆಗೊಬ್ಬಳು, ಸಾವಿಗೊಬ್ಬ ಎಂದು ಖಾತೆ ಹಂಚಿದ್ದೀರಿ. ಅದು ಮಂತ್ರಿಮಂಡಲವಾಯಿತು. ಡಂಜನ್ಸ್ ಅಂಡ್ ಡ್ರಾಗನ್ಸ್ (ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದು ಪಾತ್ರವಾಗಿ ಕಥೆ ಕಟ್ಟುವ ಆಟ) ಆಡುವ ಗೆಳೆಯರು ಆ ಪಟ್ಟಿಯನ್ನು ಓದುವುದಿಲ್ಲ ಎಂಬ ನಿಮ್ಮ ದೂರಿನಲ್ಲಿ ನಾನು ಗೆಳೆಯರ ಪಕ್ಷ.

ಪುಣೆಯಲ್ಲಿದ್ದೇನೆ ಎಂದಿದ್ದೀರಿ. ನಾನೂ ಇಲ್ಲಿಯೇ, ಕೋಥ್ರೂಡಿನಲ್ಲಿ, ಕನ್ನಡಿಗರೂ ಮರಾಠಿಗರೂ ಇರುವ ಗುಂಪಿಗೆ ಆಟ ನಡೆಸುತ್ತೇನೆ. ಒಂದು ಭಾನುವಾರ ಜೇಜುರಿಗೆ ಹೋಗಿ ಬನ್ನಿ, ಐವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿಯ ಖಂಡೋಬನೇ ನಮ್ಮ ಮೈಲಾರಲಿಂಗ. ಅವನು ಯಾವುದರ ದೇವರು ಎಂದು ಅರಿಸಿನ ಎರಚುತ್ತಿರುವವರನ್ನು ಕೇಳಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಅವನ ಸಂಸಾರ ಮಾತ್ರ ಎಲ್ಲರಿಗೂ ಗೊತ್ತು. ಮ್ಹಾಳಸಾ ಲಿಂಗಾಯತ ವರ್ತಕರ ಮಗಳು, ಬಾಣಾಯಿ ಕುರಿಗಾಹಿ ಧನಗರರವಳು; ಸವತಿಯರ ಜಗಳವೇ ಹಾಡಾಗಿದೆ. ವ್ಯಾಪಾರಿಗಳಿಗೂ ಕುರಿ ಕಾಯುವವರಿಗೂ ಅವನು ಅಳಿಯ! ಅವನಿಗೆ ಸಸ್ಯಾಹಾರದ ನೈವೇದ್ಯ; ಅವನು ಕೊಂದ ಮಣಿ ಎಂಬ ದೈತ್ಯನಿಗೆ, ಸಾಯುವಾಗ ಬೇಡಿದ ವರದಂತೆ, ಆಡಿನ ಮಾಂಸ. ನಮ್ಮ ಕಡೆ ಅವನ ಭಕ್ತರಾದ ಗೊರವರು ಅವನ ನಾಯಿಗಳಾಗಿ ಬೊಗಳುತ್ತಾ ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಹಾಲು ಬಾಳೆಹಣ್ಣು ತಿನ್ನುತ್ತಾರೆ. (ಅವನನ್ನೇ ಎತ್ತಿ ಆಟಕ್ಕೆ ಹಾಕಬೇಡಿ, ಮೇಜಿನ ಸುತ್ತ ಕುಳಿತ ಯಾರದೋ ಮನೆದೇವರಾಗಿರುತ್ತಾನೆ. ಕಟ್ಟುವ ಬಗೆಯನ್ನಷ್ಟೇ ಕದಿಯಿರಿ.)

ದೇವರಿಗೆ ಖಾತೆಗಿಂತ ಮೊದಲು ನೆಂಟಸ್ತಿಕೆ, ಹಗೆ, ಊಟ, ನಿಷೇಧ ಕೊಡಿ. ನನ್ನ ಆಟದಲ್ಲಿ ತೂಬಮ್ಮ ಎಂಬವಳಿದ್ದಾಳೆ, ಕೆರೆಯ ತೂಬನ್ನು ಕಾಯುವವಳು. ಮೇಲಿನ ಊರಿನವರು ತೂಬು ಮುಚ್ಚಲೆಂದು, ಕೆಳಗಿನವರು ತೆರೆಯಲೆಂದು ಅವಳಿಗೇ ಹರಕೆ ಹೊರುತ್ತಾರೆ. ಅವಳ ಒಕ್ಕಲು ಸಾಲ ಇಟ್ಟುಕೊಂಡು ನೀರು ದಾಟುವಂತಿಲ್ಲ. ಈ ಒಂದು ನಿಯಮ ಮಾಡಿದ ಕೆಲಸವನ್ನು ನನ್ನ ಯಾವ ಪುರಾಣಕಥೆಯೂ ಮಾಡಲಿಲ್ಲ. ಬೆನ್ನಟ್ಟಿ ಬರುವ ಸೈನಿಕರು ಹಿಂದೆ, ಹೊಳೆ ಮುಂದೆ. ಪುರೋಹಿತನ ಪಾತ್ರ ಆಡುತ್ತಿದ್ದವರು ದಡದಲ್ಲಿಯೇ ಸಂಗಡಿಗರ ಲೆಕ್ಕ ತೀರಿಸಲು ಕೂತರು. ನಿನ್ನೆ ತಿಂದ ಊಟವೂ ಸಾಲವೇ ಎಂದು ಅವರೇ ವಾದ ತೆಗೆದರು.

ದೇವರನ್ನು ಏನು ಮಾಡುವುದೆಂಬುದು ಮೊದಲಿನಿಂದಲೂ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ತೊಡಕು. 1974ರಲ್ಲಿ ಅದು ಬಂದಾಗ ಪುರೋಹಿತ ಪಾತ್ರವಿತ್ತು, ದೇವರ ವಿವರವಿರಲಿಲ್ಲ. 1976ರ ಪೂರಕ ಪುಸ್ತಕ ಇಂದ್ರನಿಗೂ ಪ್ರಾಣಾಂಕ, ಅಂದರೆ ಎಷ್ಟು ಪೆಟ್ಟು ತಡೆಯಬಲ್ಲ ಎಂಬ ಲೆಕ್ಕ, ಕೊಟ್ಟಿತು. ಅಂಕ ಕೊಟ್ಟ ಮೇಲೆ ಯಾರಾದರೂ ಹೊಡೆಯಲು ಹೊರಡದೆ ಇರುತ್ತಾರೆಯೇ? 1978ರ ರೂನ್‌ಕ್ವೆಸ್ಟ್ ಎಂಬ ಇಂಥದೇ ಇನ್ನೊಂದು ಆಟ ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆ: ಅಲ್ಲಿ ಪಾತ್ರಗಳು ದೇವರ ಪಂಥಕ್ಕೆ ಸೇರುತ್ತವೆ, ಗಳಿಕೆಯಲ್ಲಿ ಪಾಲು ಕೊಡುತ್ತವೆ, ಪ್ರತಿಯಾಗಿ ವಿದ್ಯೆ ಪಡೆಯುತ್ತವೆ.

ಹನ್ನೆರಡರಲ್ಲಿ ಇಬ್ಬರನ್ನು ಉಳಿಸಿಕೊಳ್ಳಿ, ಒಬ್ಬರಿಗೊಬ್ಬರು ನೆಂಟರಾಗಿರಲಿ. ಉಳಿದವರ ಹೆಸರು ಸದ್ಯಕ್ಕೆ ಆಣೆ ಹಾಕಲು ಸಾಕು.