1ರಿಂದ 5ನೇ ಕ್ಲಾಸ್ ಮಕ್ಕಳಿಗೆ ಗಣಿತ ಕಲಿಸೋಕೆ ಮಜಾ ಬರೋ ಚಟುವಟಿಕೆ ಯಾವ್ಯಾವು?

ಹೊಸದಾಗಿ ಕೆಲಸಕ್ಕೆ ಸೇರಿದೀನಿ, ಗಣಿತದಲ್ಲಿ ಮಕ್ಕಳಿಗೆ ಮಜಾ ಕಮ್ಮಿ ಆಗಿದೆ, ದಿನಕ್ಕೊಂದು ಆಟದ ಲಿಸ್ಟ್ ಬೇಕು ಅಂತ ಕೇಳಿದೀರಿ. ತಿಪಟೂರು ಕಡೆ ಒಂದು ಸರ್ಕಾರಿ ಶಾಲೆಗೆ ಸೇರಿದ ಹೊಸದ್ರಲ್ಲಿ ನಾನು ಹುಡುಕ್ತಿದ್ದಿದ್ದೂ ಅದನ್ನೇ. ಆದ್ರೆ ಲಿಸ್ಟ್ ಕೊಡಲ್ಲ, ಯಾಕೆ ಅಂತ ಹೇಳ್ತೀನಿ.

ಆ ವರ್ಷ ನನ್ನ 4ನೇ ಕ್ಲಾಸ್ ಮಕ್ಕಳ ಕೈಲಿ ಮಕ್ಕಳ ಸಂತೆ ಮಾಡಿಸ್ದೆ. ಅಂಗಳದಲ್ಲಿ ಗೋಣಿಚೀಲ ಹಾಸ್ಕೊಂಡು ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿ, ಕಡ್ಲೆಪುರಿ, ಊರೋರೆಲ್ಲ ಬಂದಿದ್ರು. ಒಬ್ಬ ಅಜ್ಜಿ 15 ರೂಪಾಯಿ ಸೊಪ್ಪು, 12 ರೂಪಾಯಿ ನಿಂಬೆಹಣ್ಣು ತಗೊಂಡು 50ರ ನೋಟು ಕೊಟ್ರು. ಹುಡುಗ "ಇಪ್ಪತ್ತೇಳಾಯ್ತಜ್ಜಿ" ಅಂದು ಅವರ ಅಂಗೈಗೆ ಮೂರು ಒಂದ್ರೂಪಾಯಿ ಹಾಕಿ "ಮೂವತ್ತು" ಅಂದ, ಹತ್ತರ ನೋಟು ಇಟ್ಟು "ನಲವತ್ತು", ಇನ್ನೊಂದಿಟ್ಟು "ಐವತ್ತು, ಸರಿಯಾಯ್ತಾ" ಅಂದ. ಪೇಪರ್ ಇಲ್ಲ, ಪೆನ್ಸಿಲ್ ಇಲ್ಲ.

ಮಾರನೇ ದಿನ ಬೋರ್ಡಲ್ಲಿ 50 - 27 ಬರೆದೆ. ಅದೇ ಹುಡುಗ 37 ಅಂತ ಬರೆದ. ಸೊನ್ನೇಲಿ 7 ಹೋಗಲ್ಲ, ಅದಕ್ಕೆ ತಿರುಗಿಸಿ 7ರಲ್ಲಿ ಸೊನ್ನೆ ಕಳೆದಿದಾನೆ, 5ರಲ್ಲಿ 2 ಹೋಗಿ 3. ಅವನೊಬ್ಬನೇ ಅಲ್ಲ, ಸುಮಾರು ಮಕ್ಕಳು ಹಂಗೇ ಮಾಡಿದ್ರು.

ನಾನು ಎಡವಿದ್ದು ಇಲ್ಲೇ. ನಿನ್ನೆ ಅಜ್ಜಿಗೆ ಎಷ್ಟು ಚಿಲ್ರೆ ಕೊಟ್ಟೆ, ಹೆಂಗೆ ಎಣಿಸಿದೆ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು, ಅವನೇ 23 ಅಂತಿದ್ದ, ಆ ಮೂರು ಮತ್ತು ಇಪ್ಪತ್ತನ್ನ ಬೋರ್ಡ್ ಮೇಲೆ ಬರೆದು ತೋರಿಸಿದ್ರೆ 37 ಯಾಕೆ ಆಗಲ್ಲ ಅಂತ ಅವನಿಗೇ ಹೊಳೀತಿತ್ತು. ನಾನು ಕೇಳ್ಲಿಲ್ಲ. ಸಂತೆ ಮುಗೀತು, ಇನ್ನು ಪಾಠ ಅಂತ ಪುಸ್ತಕ ತೆಗೆಸಿ "ಪಕ್ಕದ ಮನೆಯಿಂದ ದಶಕ ಸಾಲ ತಗೋ" ಅನ್ನೋದನ್ನ ಬಾಯಿಪಾಠ ಮಾಡಿಸ್ದೆ. ಸಂತೆ ಲೆಕ್ಕ ಬೇರೆ, ಪುಸ್ತಕದ ಲೆಕ್ಕ ಬೇರೆ ಅಂತ ಮಕ್ಕಳು ತಿಳ್ಕೊಂಡ್ರು, ಹಂಗೆ ತಿಳ್ಕೊಳೋ ಹಾಗೆ ಮಾಡಿದ್ದು ನಾನು. 5ನೇ ಕ್ಲಾಸಿಗೆ ಹೋದ್ಮೇಲೆ ಅವರಿಗೆ ಭಾಗಾಕಾರನೂ ಕೈಕೊಡ್ತು, ಅದ್ರಲ್ಲಿ ಪ್ರತಿ ಹಂತಕ್ಕೂ ಕಳೀಬೇಕಲ್ಲ.

ಹಾಗಾಗಿ ಮಕ್ಕಳಿಗೆ ಮಜಾ ಕಮ್ಮಿ ಆಗಿದೆ ಅನ್ನೋ ನಿಮ್ಮ ಮಾತನ್ನ ನಾನು ಒಪ್ಪಲ್ಲ. ಮಜಾ ಬೇಕಾದಷ್ಟಿದೆ, ಅದು ನೋಟ್‌ಬುಕ್ ತನಕ ಬರ್ತಿಲ್ಲ. ಸರ್ಕಾರಿ ಶಾಲೇಲಿ 1ರಿಂದ 3ಕ್ಕೆ ನಲಿ-ಕಲಿ ಅನ್ನೋ ಚಟುವಟಿಕೆ ಪದ್ಧತಿ ಇರೋದ್ರಿಂದ ಆಟ ಹೊಸದೇನಲ್ಲ, 4ಕ್ಕೆ ಬಂದಾಗ ಅದು ಪೂರ್ತಿ ನಿಂತೋಗುತ್ತೆ. ದಿನಕ್ಕೊಂದು ಬೇಡ, ಒಂದೇ ಆಟ ಹಿಡ್ಕೊಂಡು ವಾರಗಟ್ಟಲೆ ಆಡ್ಸಿ, ಆಡಿದ್ದನ್ನ ಅವತ್ತೇ ಬರೆಸಿ.

ಮುಂದಿನ ವರ್ಷದ ಮಕ್ಕಳಿಗೆ ತೆಂಗಿನಗರಿ ಕಡ್ಡಿ ತರಿಸಿ ಹತ್ತತ್ತಕ್ಕೆ ಒಂದೊಂದು ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿಸ್ದೆ. 50 ಅಂದ್ರೆ ಐದು ಕಟ್ಟು. 27 ಕೊಡು ಅಂದ್ರೆ ಎರಡು ಕಟ್ಟು ಕೊಟ್ಟು, ಬಿಡಿ ಏಳು ಕೊಡಕ್ಕೆ ಇಲ್ದೆ ನನ್ನ ಮುಖ ನೋಡ್ತಾರೆ. ಸುಮ್ನಿರಿ, ಹೇಳ್ಕೊಡ್ಬೇಡಿ! ಯಾರೋ ಒಬ್ರು ರಬ್ಬರ್‌ಬ್ಯಾಂಡ್ ಬಿಚ್ತಾರೆ. ಆಗ 5 ಹೊಡೆದು 4 ಬರೀರಿ, ಸೊನ್ನೆ ಜಾಗಕ್ಕೆ 10 ಬರೀರಿ ಅಂತ ಕಡ್ಡಿ ಮುಂದಿಟ್ಕೊಂಡೇ ಬರೆಸಿ.

ಆಮೇಲೆ ಚೌಕಾಬಾರ. ನೆಲದ ಮೇಲೆ ಚಾಕ್‌ಪೀಸಲ್ಲಿ ಐದೈದು ಮನೆ, ನಾಕು ಕವಡೆ, ಇಷ್ಟೇ ಖರ್ಚು. ನಾವು ಆಡೋ ರೀತಿಲಿ ಕಟ್ಟೆಯಿಂದ, ಅಂದ್ರೆ ಕಾಯಿ ಹೊರಡೋ ಮನೆಯಿಂದ, ನಡುಮನೆ ಸೇರಿ ಹಣ್ಣಾಗೋಕೆ 24 ಹೆಜ್ಜೆ. 8 ಬಿತ್ತಾ, ಕಾಯಿ ನಡೆಸೋ ಮುಂಚೆ ಹಣ್ಣಿಗೆ ಇನ್ನೆಷ್ಟು ಅಂತ ಸ್ಲೇಟಲ್ಲಿ ಬರೀಬೇಕು, 24 - 8, ಇಲ್ಲೂ ಕಟ್ಟು ಬಿಚ್ಚಲೇಬೇಕು. ಐದು ಆರು ಏಳು ಯಾಕೆ ಬೀಳಲ್ಲ ಅಂತ ಅವರೇ ಕೇಳ್ತಾರೆ, ಕವಡೆ ಕೈಗೆ ಕೊಟ್ಟು ಹುಡುಕಿ ಅನ್ನಿ. ಲೆಕ್ಕ ತಪ್ಪಿದ್ರೆ ಆಟದಿಂದ ಎಬ್ಬಿಸ್ಬೇಡಿ, ಎದುರಿಗೆ ಆಡ್ತಿರೋ ಮಗು ಮನೆ ಎಣಿಸಿ ತೋರಿಸ್ಲಿ.