ದೋಣಿ ರಿಪೇರಿ ಮಾಡೋಳಿಗೆ ಲವ್ ಸ್ಟೋರಿ ಬೇಕಾ?

ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಹಳ್ಳಿ ಬದುಕಿನ ವಿಡಿಯೋ ಗೇಮ್‌ಗೆ ಹೊಸ ಪಾತ್ರದ ಮಾಡ್ (ಆಡೋರೇ ಮಾಡಿ ಆಟಕ್ಕೆ ಸೇರಿಸೋ ಭಾಗ) ಮಾಡ್ತಿದ್ದೀರಿ, ಬೀಚಲ್ಲಿ ದೋಣಿ ರಿಪೇರಿ ಮಾಡೋ ಮೂವತ್ತೈದರ ಹೆಂಗಸು. ಅವಳನ್ನ ಪ್ರೀತಿಸಿ ಮದುವೆ ಆಗೋ ಹಾಗೆ ಮಾಡಲಾ, ಸ್ನೇಹಕ್ಕೇ ನಿಲ್ಲಿಸಲಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು "ಫ್ಯಾನ್‌ಗಳು ಬರೆದ ಲವ್ ಸ್ಟೋರಿ ಅಂದ್ರೆ ಧಾರಾವಾಹಿ, ಮಾಡ್ ಹಾಳು" ಅಂದಿದ್ದಾರೆ. ಇನ್ನೊಬ್ಬರು "ಮದುವೆ ಇಲ್ಲದ ಪಾತ್ರವನ್ನ ಯಾರು ಡೌನ್‌ಲೋಡ್ ಮಾಡ್ತಾರೆ" ಅಂದಿದ್ದಾರೆ. ಇಬ್ಬರೂ ಹೇಳ್ತಿರೋದು ಆಡೋರ ಮಾತು. ನೀವು ಬರೆಯೋರು, ನಿಮ್ಮ ಲೆಕ್ಕ ಬೇರೆ. ನಾನು ಇದರಲ್ಲಿ ಒಂದು ಸಲ ಕೈ ಸುಟ್ಕೊಂಡಿದ್ದೀನಿ, ಅದಕ್ಕೇ ಉದ್ದ ಬರೀತಿದ್ದೀನಿ. ಬೇಜಾರಾದ್ರೆ ಎಂಟು ಹಾರ್ಟ್ ಅಂತ ಬರೋ ಕಡೆಗೆ ನೇರ ಹಾರಿ, ಅದೊಂದನ್ನಾದ್ರೂ ಓದಿ.

ಮೊದಲು ನನ್ನ ಕಥೆ. ಮೂರು ವರ್ಷದ ಹಿಂದೆ ನಾನೂ ಒಬ್ಬ ಪಾತ್ರ ಮಾಡಿದ್ದೆ, ಜೇನು ಸಾಕೋನು. ಆಟದಲ್ಲಿ ಸ್ನೇಹ ಅಳೆಯೋದು ಹಾರ್ಟ್ ಲೆಕ್ಕದಲ್ಲಿ. ಎರಡು ಹಾರ್ಟ್, ನಾಲ್ಕು, ಆರು, ಎಂಟು, ಹತ್ತು, ಎಲ್ಲದಕ್ಕೂ ಈವೆಂಟ್, ಅಂದ್ರೆ ಒಂದೊಂದು ಚಿಕ್ಕ ದೃಶ್ಯ, ಬರೆದೆ. ಹತ್ತರ ಈವೆಂಟಿಗೇ ಎರಡು ವಾರ ಕೂತಿದ್ದೆ. ಮಾಡ್‌ನ ಡೌನ್‌ಲೋಡ್‌ಗೆ ಬಿಟ್ಟೆ. ನಾಲ್ಕನೇ ದಿನ ಒಬ್ಬರು ಬರೆದರು: "ಮದುವೆ ಆದ್ಮೇಲೆ ಇವನು ಬೇರೆ ಯಾರೋ ಆಗ್ಬಿಟ್ಟಿದ್ದಾನೆ." ಹೋಗಿ ನೋಡಿದ್ರೆ ನಿಜ. ಮದುವೆಯಾದ ಮೇಲಿನ ಮಾತುಗಳಿಗೆ ಬೇರೆ ಫೈಲ್ ಬೇಕು, ಅದರಲ್ಲಿ ನಾನು ಬರೆದಿದ್ದು ಆರೇ ಸಾಲು. ನಾವು ಬರೆಯದೇ ಬಿಟ್ಟ ಕಡೆ ಆಟ ತನ್ನ ಸಾಮಾನ್ಯ ಮ್ಯಾರೇಜ್ ಡೈಲಾಗ್ ಫೈಲಿಂದ ಸಾಲು ಎತ್ತಿ ಬಾಯಿಗೆ ತುಂಬುತ್ತೆ, ಯಾರಿಗೆ ಬೇಕಾದ್ರೂ ಹೊಂದೋ ಸಿಹಿ ಸಿಹಿ ಮಾತು. ನನ್ನ ಜೇನುಗಾರ ಮುಂಗೋಪಿ. ಮದುವೆ ಮಾರನೇ ದಿನ ಬೆಳಗ್ಗೆ ಎದ್ದು ಜಾಹೀರಾತಿನ ಗಂಡನ ಥರ ಮಾತಾಡ್ತಿದ್ದ. ಸಾಲದ್ದಕ್ಕೆ ಗೂಡುಗಳ ಕಡೆ ತಲೆ ಹಾಕದೆ ಅಡುಗೆಮನೇಲಿ ನಿಂತಿರ್ತಿದ್ದ, ಯಾಕಂದ್ರೆ ಮದುವೆ ನಂತರದ ಶೆಡ್ಯೂಲ್ ನಾನು ಕೊಟ್ಟೇ ಇರಲಿಲ್ಲ.

ಮಾಡ್‌ನಲ್ಲಿ ಲವ್ ಸ್ಟೋರಿ ಕೆಡೋದು ಬಹುತೇಕ ಇಲ್ಲೇ. ಪ್ರೀತಿ ಹೇಳೋಕೆ ಬೊಕೆ ಕೊಡೋವರೆಗೂ ಎಲ್ಲರೂ ಚೆನ್ನಾಗೇ ಬರೀತಾರೆ. ಆಮೇಲೆ ಆ ಮನುಷ್ಯನೇ ಮಾಯ. ಆಟದಲ್ಲೇ ಇರೋರನ್ನ ನೋಡಿ: ಹಾರ್ವಿ ಮದುವೆಯಾದ ಮೇಲೂ ಕ್ಲಿನಿಕ್‌ಗೆ ಹೋಗ್ತಾನೆ, ಪೆನ್ನಿ ಮಕ್ಕಳಿಗೆ ಪಾಠ ಹೇಳೋಕೆ ಹೋಗ್ತಾಳೆ. 2016ರಲ್ಲಿ ಆಟ ಬಂದಾಗ ಮದುವೆ ಆಗಬಹುದಾದೋರು ಹತ್ತೇ ಜನ ಇದ್ರು. ಅದೇ ವರ್ಷ 1.1 ಅಪ್‌ಡೇಟ್‌ನಲ್ಲಿ ಎಮಿಲಿ, ಶೇನ್ ಇಬ್ಬರನ್ನ ಸೇರಿಸಿ ಹನ್ನೆರಡು ಮಾಡಿದ್ರು. ಆ ಇಬ್ಬರೂ ಮೊದಲಿಂದ ಊರಲ್ಲಿದ್ದೋರೇ. ಎಮಿಲಿಗೆ ಸಂಜೆ ಸಲೂನ್‌ನಲ್ಲಿ (ಊರಿನ ಬಾರ್) ಕೆಲಸ, ಶೇನ್‌ಗೆ ಹಗಲು ಜೋಜಾ ಮಾರ್ಟ್ ಅಂಗಡಿ, ರಾತ್ರಿ ಕುಡಿತ. ದಿನಚರಿ ಮೊದಲೇ ಇತ್ತು, ಪ್ರೀತಿ ಆಮೇಲೆ ಬಂತು. ಅದಕ್ಕೇ ಅಂಟಿಸಿದ ಹಾಗೆ ಕಾಣಲ್ಲ. ಸ್ಟಾರ್‌ಡ್ಯೂ ವ್ಯಾಲಿ ಎಕ್ಸ್‌ಪಾಂಡೆಡ್ ಅನ್ನೋ ದೊಡ್ಡ ಮಾಡ್ ಆಡಿದ್ದೀರಲ್ಲ, ಅದರ ಕ್ಲೇರ್ ಕೂಡ ಹಾಗೇ. ಕೆಲಸ ಮಾಡಿ ಸುಸ್ತಾದವಳು ಅಂತ ನಮಗೆ ಮೊದಲು ಗೊತ್ತಾಗುತ್ತೆ, ಇಷ್ಟ ಆಗೋದು ನಂತರ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಮದುವೆ ಇಡಬಹುದು. ಆದರೆ ಮದುವೆಯಾದ ಮೇಲಿನ ಒಂದು ಮಾಮೂಲಿ ಮಂಗಳವಾರವನ್ನ ಮೊದಲು ಬರೆದು ನೋಡಿ. ಅವಳು ಎಷ್ಟು ಹೊತ್ತಿಗೆ ಬೀಚಿಗೆ ಹೋಗ್ತಾಳೆ? ಬೀಚಿನ ಮೀನಂಗಡಿ ವಿಲ್ಲಿ ಜೊತೆ ಏನು ಮಾತಾಡ್ತಾಳೆ? ಮಳೆ ಬಂದ್ರೆ ಎಲ್ಲಿರ್ತಾಳೆ? ಆ ಮಂಗಳವಾರ ಬರೆಯೋಕೆ ಬೇಜಾರಾದ್ರೆ ಮದುವೆ ಬಿಡಿ, ಅವಳನ್ನ ಸ್ನೇಹಿತೆ ಆಗಿಯೇ ಇಡಿ. ಆ ಬೇಜಾರು ಆಡೋರಿಗೂ ಗೊತ್ತಾಗುತ್ತೆ.

ಎಂಟು ಹಾರ್ಟ್ ವಿಷಯ, ಇದನ್ನ ಯಾರೂ ಹೇಳಲಿಲ್ಲ. ಪಾತ್ರವನ್ನ ಮದುವೆಗೆ ಸಿಗೋ ಹಾಗೆ ಮಾಡಿದ ತಕ್ಷಣ ಅವರ ಸ್ನೇಹ ಎಂಟಕ್ಕೇ ನಿಂತುಬಿಡುತ್ತೆ. 200 ಚಿನ್ನ ಕೊಟ್ಟು ಪಿಯರ್ ಅಂಗಡೀಲಿ ಬೊಕೆ ತಂದು ಕೊಟ್ರೆ ಮಾತ್ರ ಹತ್ತಕ್ಕೆ ಏರುತ್ತೆ. ಮದುವೆಗೆ ಇಲ್ಲದ ಪಾತ್ರ ಆದ್ರೆ ಬೊಕೆ ಗಿಕೆ ಇಲ್ಲದೆ ಹತ್ತರವರೆಗೆ ಹೋಗುತ್ತೆ. ಅಂದ್ರೆ, ಅವಳ ಅಪ್ಪನ ದೋಣಿ ಮುಳುಗಿದ ಕಥೆಯನ್ನ ನೀವು ಹತ್ತು ಹಾರ್ಟ್‌ಗೆ ಇಟ್ಟಿದ್ದೀರಲ್ಲ, ಅವಳನ್ನ ಬರೀ ಸ್ನೇಹಿತೆ ಅಂದುಕೊಂಡು ಆಡೋನಿಗೆ ಅದು ಯಾವತ್ತೂ ಕಾಣಲ್ಲ. ಬೇರೆಯವರನ್ನ ಮದುವೆ ಆಗಿ ಇವಳಿಗೆ ಬೊಕೆ ಕೊಡದೋನಿಗೂ ಕಾಣಲ್ಲ. ನಿಮ್ಮ ಮಾಡ್‌ನ ಬೆಸ್ಟ್ ಭಾಗವೇ ಅದು! ಎಂಟು ಅಥವಾ ಆರಕ್ಕೆ ಇಳಿಸಿ. ಹತ್ತಕ್ಕೆ ಅವಳ, ಆಟಗಾರನ ನಡುವಿನದು ಮಾತ್ರ ಇರಲಿ.

ಕಂಟೆಂಟ್ ಪ್ಯಾಚರ್ ಅನ್ನೋ ಮಾಡ್ ಕಟ್ಟೋ ಟೂಲ್‌ನಲ್ಲೇ ಮಾಡ್ತಿದ್ದೀರಿ ಅಂತ ಸ್ಕ್ರೀನ್‌ಶಾಟ್ ನೋಡಿದ್ರೆ ಗೊತ್ತಾಗುತ್ತೆ. ಹಾಗಾದ್ರೆ ಕಾನ್ಫಿಗ್‌ನಲ್ಲಿ ಒಂದು ಸ್ವಿಚ್ ಇಡಿ, ಪ್ರೇಮ ಬೇಕು, ಬೇಡ. ಬೇಡ ಅಂದ್ರೆ ಮದುವೆಗೆ ಸಿಗೋ ಆ ಒಂದು ಸೆಟ್ಟಿಂಗ್ ಆಫ್ ಆಗಲಿ, ಹತ್ತರ ಈವೆಂಟಿಗೆ ಸ್ನೇಹದ ಇನ್ನೊಂದು ರೂಪ ಬರಲಿ. ಎರಡು ರೂಪ ಬರೆಯೋಕೆ ಒಂದು ಸಂಜೆ ಹೆಚ್ಚು ಹಿಡಿಯುತ್ತೆ ಅಷ್ಟೇ. ಮೇಲಿನ ಇಬ್ಬರೂ ಜಗಳ ಬಿಟ್ಟು ಆಡಬಹುದು.

"ಲವ್ ಇಲ್ಲಾಂದ್ರೆ ಯಾರೂ ಮುಟ್ಟಲ್ಲ" ಅಂದವರಿಗೆ: ಸ್ಕೈರಿಮ್ ಅನ್ನೋ ಇನ್ನೊಂದು ಆಟದ ಇನಿಗೋ ಮಾಡ್ ನೋಡಿ. ನೀಲಿ ಬಣ್ಣದ ಖಜೀಟ್ (ಬೆಕ್ಕಿನ ರೂಪದ ಜನ), ರಿಫ್ಟನ್ ಊರಿನ ಜೈಲಿನಲ್ಲಿ ತಾನಾಗೇ ಬಂದು ಕೂತಿರ್ತಾನೆ, ನಿಮ್ಮನ್ನ ಕೊಂದುಬಿಟ್ಟೆ ಅನ್ನೋ ಪಾಪ ಹೊತ್ಕೊಂಡು. ಸಾವಿರಾರು ಸಾಲು ಮಾತಿದೆ, ಪ್ರೇಮ ಒಂದು ಚೂರೂ ಇಲ್ಲ, ಆದರೂ ಜೊತೆಗಾರರ ಮಾಡ್ ಅಂದ್ರೆ ಜನ ಮೊದಲು ಹೇಳೋ ಹೆಸರುಗಳಲ್ಲಿ ಅದೊಂದು. ಸ್ಟಾರ್‌ಡ್ಯೂನಲ್ಲೂ 1.4ರಿಂದ ಚರಂಡೀಲಿ ಇರೋ ನೆರಳು ಜೀವಿ ಕ್ರೋಬಸ್‌ನ ಮನೆಗೆ ಕರ್ಕೊಂಡು ಬರಬಹುದು, ಗಂಡ ಹೆಂಡ್ತಿ ಅಂತಲ್ಲ, ರೂಮ್‌ಮೇಟ್ ಆಗಿ. ಮದುವೆ ಒಂದೇ ದಾರಿ ಅಲ್ಲ ಅಂತ ಆಟ ಮಾಡಿದೋರೇ ತೋರಿಸಿದ್ದಾರೆ.

"ಫ್ಯಾನ್ ಲವ್ ಸ್ಟೋರಿ ಅಂದ್ರೆ ಧಾರಾವಾಹಿ" ಅಂದವರಿಗೆ: ಈ ಜಗಳ ನಿಮಗಿಂತ, ನನಗಿಂತ ಹಳೇದು. 2000ದಲ್ಲಿ ಬಂದ ಬಾಲ್ಡರ್ಸ್ ಗೇಟ್ 2ರಲ್ಲಿ ಗಂಡು ಪಾತ್ರ ಆಡೋನಿಗೆ ಪ್ರೀತಿಸೋಕೆ ಜಹೈರಾ, ಏರಿ, ವಿಕೋನಿಯಾ ಅಂತ ಮೂರು ಜನ, ಹೆಣ್ಣು ಪಾತ್ರ ಆಡೋಳಿಗೆ ಅನೋಮೆನ್ ಒಬ್ಬನೇ. ಅವನೋ, ತನ್ನ ಪ್ರತಾಪ ತಾನೇ ಹೇಳ್ಕೊಳ್ಳೋ ಆಸಾಮಿ. ಆ ಆಟಕ್ಕೆ ಬಂದ ಎಷ್ಟೋ ಪ್ರೇಮದ ಮಾಡ್‌ಗಳು ಹುಟ್ಟಿದ್ದು ಈ ಕೊರತೆಯಿಂದ. ಆಟದಲ್ಲಿ ಇಲ್ಲದ್ದನ್ನ ಆಡೋರು ತುಂಬಿಕೊಂಡ್ರು, ಅದರಲ್ಲಿ ನಗೋಂಥದ್ದೇನಿದೆ? ಜಹೈರಾ ಕಥೆಯಂತೂ ಸುಲಭದ್ದಲ್ಲ, ಆಟ ಶುರುವಾಗುವಾಗಲೇ ಗಂಡ ಖಾಲಿದ್ ಸತ್ತಿರ್ತಾನೆ. ಅಂಥವಳು ನಿಮ್ಮನ್ನ ಬೈದುಕೊಂಡೇ ಹತ್ತಿರ ಬರೋದು ನನಗೆ ಇವತ್ತಿಗೂ ಇಷ್ಟ. ಕೆಟ್ಟದ್ದೂ ಇತ್ತು, ಮುಚ್ಚಿಡಲ್ಲ. ಆ ಮಾತುಗಳು ಓಡ್ತಿದ್ದದ್ದು ಟೈಮರ್ ಮೇಲೆ. ಗುಹೆ ಒಳಗೆ, ಸುತ್ತ ಹೆಣ ಬಿದ್ದಿರುವಾಗ, ಮೈತುಂಬಾ ಗಾಯ ಆಗಿರುವಾಗ, ಮನಸ್ಸು ಬಿಚ್ಚಿ ಮಾತಾಡೋಕೆ ಬಂದು ನಿಂತ್ಕೊಳ್ತಿದ್ರು. ನಮ್ಮ ಆಟದಲ್ಲಿ ಜಾಗ, ಹೊತ್ತು, ಹವಾಮಾನ ಎಲ್ಲಾ ನೋಡಿ ಈವೆಂಟ್ ಕಟ್ಟಬಹುದು, ಆ ಸೌಲಭ್ಯ ಬಳಸ್ಕೊಳ್ಳಿ.

ಈಗ ನಿಮ್ಮ ಕರಡು. ಬೇಜಾರು ಮಾಡ್ಕೋಬೇಡಿ. ನಾಲ್ಕನೇ ಹಾರ್ಟ್‌ಗೇ ಅವಳು "ನಿನ್ನ ಕಣ್ಣಲ್ಲಿ ಸಮುದ್ರ ಕಾಣುತ್ತೆ" ಅಂತಾಳೆ. ದಡದಲ್ಲೇ ಹುಟ್ಟಿ ಬೆಳೆದು ದೋಣಿ ಮಾಡೋಳಿಗೆ ಸಮುದ್ರ ಅಂದ್ರೆ ಉಪ್ಪು, ತುಕ್ಕು, ಹಲಗೆ ತಿನ್ನೋ ಹುಳ. ಯಾರ ಕಣ್ಣಲ್ಲೂ ಅದು ಕಾಣೋದು ಅವಳಿಗೆ ಬೇಕಿಲ್ಲ. ಅದು ರಜೆಗೆ ಗೋಕರ್ಣಕ್ಕೆ ಹೋದ ನಮ್ಮಂಥೋರ ಮಾತು. ಅವಳ ಮಾತು ಅವಳ ಕೈಯಿಂದ ಬರಲಿ. ಹೀಗೆ ಮಾಡಿ ನೋಡಿ. ಎರಡನೇ ಹಾರ್ಟ್‌ನಲ್ಲಿ ಹಲಗೆ ಸಂದಿಗೆ ಹತ್ತಿ ತುರುಕ್ತಾ ಇರ್ತಾಳೆ, ತಲೆ ಎತ್ತಲ್ಲ:

"ಆ ಸುತ್ತಿಗೆ ಕೊಡು. ಅದಲ್ಲ, ಚಿಕ್ಕದು."

ಆರನೇ ಹಾರ್ಟ್‌ನಲ್ಲಿ ಅದೇ ಜಾಗ, ಅದೇ ಕೆಲಸ. ಕೇಳೋ ಮೊದಲೇ ಆಟಗಾರ ಚಿಕ್ಕ ಸುತ್ತಿಗೆ ಕೊಡ್ತಾನೆ. ಅವಳು ಒಂದು ಕ್ಷಣ ನಿಲ್ತಾಳೆ, ಚುಕ್ಕಿ ಚುಕ್ಕಿ ಬರುತ್ತಲ್ಲ, ಅಷ್ಟು. ಆಮೇಲೆ, "ಅಪ್ಪನಿಗೂ ಹೀಗೇ ಕೊಡ್ತಿದ್ದೆ ನಾನು." ಮುಗೀತು, ಈವೆಂಟ್ ಅಲ್ಲಿಗೇ ಕತ್ತರಿಸಿ. ಆಯ್ಕೆ ಮಾಡೋ ಉತ್ತರ, ಮುತ್ತು, ಹಿನ್ನೆಲೆ ಸಂಗೀತ ಏನೂ ಬೇಡ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಲ್ಲಿ ಬರೆಯೋ ನಮಗೆ ಇದೊಂದು ಅನುಕೂಲ ಇದೆ. ನಮ್ಮ ಮನೆಗಳಲ್ಲಿ "ಐ ಲವ್ ಯೂ" ಯಾರು ಯಾರಿಗೆ ಹೇಳಿದ್ದಾರೆ ಹೇಳಿ? "ಊಟ ಆಯ್ತಾ" ಅಂತ ಮೂರನೇ ಸಲ ಕೇಳಿದ್ರೆ ಅರ್ಥ ಆಗುತ್ತೆ. ಆ ಅಭ್ಯಾಸವನ್ನ ಅವಳಿಗೆ ದಾನ ಮಾಡಿ.

ಕೆಲಸದ ಅಂದಾಜು ಹೇಳ್ಬಿಡ್ತೀನಿ. ಮದುವೆ ಅಂದ್ರೆ ಮಳೆ ಹಗಲು, ಮಳೆ ರಾತ್ರಿ, ಮನೆ ಒಳಗೆ, ಹೊರಗೆ, ಅವಳು ಖುಷಿಯಾಗಿದ್ದಾಗ, ಮುನಿಸಿದ್ದಾಗ, ಒಂದು ಮಗು, ಎರಡು ಮಗು, ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು. ಜೊತೆಗೆ ಅವಳ ಕೋಣೆ, ಹಿತ್ತಲ ಜಾಗ, ವಾರದ ದಿನದ ಶೆಡ್ಯೂಲ್. ಮದುವೆಯಾದ ಮೇಲೆ ಬರೋ ಹದಿನಾಲ್ಕು ಹಾರ್ಟ್‌ನ ಈವೆಂಟ್ ಬೇಕೇಬೇಕು ಅಂತಿಲ್ಲ. ಜೇನುಗಾರನನ್ನ ನಾನು ರಿಪೇರಿ ಮಾಡಿದಾಗ ಬರೀ ಈ ಸಾಲುಗಳಿಗೇ ಒಂದೂವರೆ ತಿಂಗಳ ಭಾನುವಾರಗಳು ಹೋದವು. ಮುನಿಸಿದ ಸಾಲುಗಳನ್ನ ಮೊದಲು ಬರೀರಿ. ಪಾತ್ರ ಗಟ್ಟಿ ಇದೆಯಾ ಇಲ್ವಾ ಅಲ್ಲೇ ಗೊತ್ತಾಗಿಬಿಡುತ್ತೆ.

ಇನ್ನೊಂದು, ನಿಮಗೆ ಜಾಗವೇ ಒಳ್ಳೇದು ಸಿಕ್ಕಿದೆ. ಮದುವೆಗೆ ಕೇಳೋ ಆ ಪೆಂಡೆಂಟ್ 5000 ಚಿನ್ನಕ್ಕೆ ಸಿಗೋದು ಅದೇ ಬೀಚಲ್ಲಿ, 300 ಕಟ್ಟಿಗೆ ಹಾಕಿ ಸೇತುವೆ ಸರಿ ಮಾಡಿದ ಮೇಲೆ ಆಚೆ ಕಡೆ, ಮಳೆ ದಿನ ಮಾತ್ರ ಬರೋ ಮುದುಕನ ಹತ್ರ. ನಿಮ್ಮ ಕರಡಲ್ಲಿ ಮಳೆ ದಿನ ಅವಳನ್ನ ಸಲೂನ್‌ಗೆ ಕಳಿಸಿದ್ದೀರಿ. ಕಳಿಸಬೇಡಿ, ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿ. ನಾಲ್ಕನೇ ಹಾರ್ಟ್‌ನ ಮಳೆ ದಿನದ ಸಾಲು ಇದು: "ಮಳೇಲಿ ನೆನ್ಕೊಂಡು ಆ ಮುದುಕನ ಹತ್ರ ಏನೋ ತಗೊಂಡು ಹೋಗ್ತಾರಪ್ಪ ಜನ. ಬುದ್ಧಿ ಇಲ್ಲ." ಬೊಕೆ ಕೊಟ್ಟು ಹತ್ತು ಹಾರ್ಟ್ ಆದ್ಮೇಲೆ ಅದೇ ಬಾಗಿಲು, ಅದೇ ಮಳೆ: "ಆ ಕಡೆ ಹಲಗೆ ಜಾರುತ್ತೆ. ಹೋಗೋದಿದ್ರೆ ನೋಡ್ಕೊಂಡು ಹೋಗು."

ಬರೆದು ಫೈಲ್ ಹಾಕಿ, ಶನಿವಾರ ರಾತ್ರಿ ಟೆಸ್ಟ್ ಮಾಡಿ ಹೇಳ್ತೀನಿ.