ಪ್ರತಿಕ್ರಿಯೆ: ಹಳೆ ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆಯ ತುಂಡು ಹಾಸಿದ ಮೇಲೆ ಡಾಂಬರು ಅಲೆ ಎದ್ದಿದ್ದಕ್ಕೆ

ನಿಮ್ಮ ರಸ್ತೆಯ ಡಾಂಬರು ಅಲೆ ಎದ್ದಿದ್ದರಲ್ಲಿ ತಪ್ಪು ಬಹುಶಃ ಹಳೆ ಕಾಂಕ್ರೀಟಿನದಲ್ಲ, ತುಂಡಿನ ಗಾತ್ರದ್ದು. ಹಳೆ ಸಿಸಿ ರಸ್ತೆಯನ್ನು ಬ್ರೇಕರ್‌ನಿಂದ ಒಡೆದು, ಹಾಗೇ ಎರಿ (ಕಪ್ಪು) ಮಣ್ಣಿನ ಮೇಲೆ ಹರವಿ ಡಾಂಬರು ಹಾಕಿಸಿದ್ದೀರಿ. ದೊಡ್ಡ ಚಪ್ಪಡಿಗಳ ನಡುವೆ ಪೊಳ್ಳು ಉಳಿಯುತ್ತೆ. ಡೋಣಿ ಸೀಮೆಯ (ವಿಜಯಪುರ ಕಡೆಯ ಡೋಣಿ ನದಿ ಬಯಲಿನ) ಎರಿ ನೀರು ಕುಡಿದು ಮೆತ್ತಗಾದಾಗ, ಲೋಡಾದ ಟ್ರ್ಯಾಕ್ಟರ್ ಹಾಯ್ದಂತೆಲ್ಲ ರಾಡಿ ಆ ಸಂದಿಗಳಿಗೆ ಏರುತ್ತೆ.

ಮೊದಲು ಒಂದು ಕಡೆ ಎರಡಡಿ ಗುಂಡಿ ತೋಡಿ ನೋಡಿ. ತುಂಡುಗಳ ಸುತ್ತ ಕಪ್ಪು ರಾಡಿ ಮೆತ್ತಿದ್ದರೆ ಇದೇ ಕಾರಣ. ತುಂಡುಗಳು ಸ್ವಚ್ಛ ಇದ್ದರೆ ರೋಲಿಂಗ್ ಸಾಲದಾಗಿರಬಹುದು.

ರಾಡಿ ಏರಿದ್ದರೆ ತೇಪೆ ಹಾಕಿ ಉಪಯೋಗವಿಲ್ಲ, ಎಬ್ಬಿಸಲೇಬೇಕು. ಡಾಂಬರನ್ನೂ ರಾಡಿ ಮೆತ್ತಿದ ತುಂಡುಗಳನ್ನೂ ಬೇರೆ ಮಾಡಿ, ಡೌಯೆಲ್ ಕಬ್ಬಿಣ (ಚಪ್ಪಡಿಗಳನ್ನು ಜೋಡಿಸುವ ಸರಳು) ಕಿತ್ತು, ಉಳಿದದ್ದನ್ನು ಕ್ರಷರ್‌ಗೆ ಕೊಡಿ. ಪುಡಿಯಿಂದ 53 ಮಿ.ಮೀ.ವರೆಗೆ ಎಲ್ಲ ಗಾತ್ರವೂ ಬೆರೆತಿರಬೇಕು. ಬರೀ ದಪ್ಪ ಜಲ್ಲಿ ಬಂದರೆ ಮತ್ತೆ ಅದೇ ಗೋಳು. ಲ್ಯಾಬಿನಲ್ಲಿ ಸಿಬಿಆರ್ (ಭಾರ ತಡೆಯುವ ಬಲದ ಅಳತೆ) ಶೇ. 30ಕ್ಕಿಂತ ಕಡಿಮೆ ಬರಬಾರದು, ಪ್ಲಾಸ್ಟಿಸಿಟಿ ಇಂಡೆಕ್ಸ್ (ಪುಡಿಯಲ್ಲಿನ ಜಿಗುಟುತನದ ಅಳತೆ) 6ರೊಳಗಿರಬೇಕು.

ಕೆಳಗಿನ ಎರಿಗೆ ತೂಕದ ಶೇ. 3ರಿಂದ 5 ಸುಣ್ಣ ಬೆರೆಸಿ ರೋಲ್ ಮಾಡಿ, ಇಲ್ಲವೇ ಒಳ್ಳೆ ಗರಸು ಹಾಸಿ. ಅದರ ಮೇಲೆ ಈ ಜಲ್ಲಿ, 150 ಮಿ.ಮೀ. ಪದರ, ಕಂಪನ ರೋಲರ್‌ನಿಂದ ಲ್ಯಾಬಿನ ಗರಿಷ್ಠ ಸಾಂದ್ರತೆಯ ಶೇ. 98 ಬರಬೇಕು. ಹಳೆ ಗಾರೆ ಅಂಟಿರೋದರಿಂದ ಇದು ಹೊಸ ಜಲ್ಲಿಗಿಂತ ಜಾಸ್ತಿ ನೀರು ಹೀರುತ್ತೆ. ಹಿಂದಿನ ದಿನವೇ ತೋಯಿಸಿಡಿ, ಒಣಗಿದ್ದನ್ನು ಎಷ್ಟು ಉರುಳಿಸಿದರೂ ಕೂರಲ್ಲ.

ಚರಂಡಿಯ ಫಿಲ್ಟರ್ ಬಟ್ಟೆಗೆ (ನೀರು ಸೋಸುವ ಬಟ್ಟೆ) ಈ ಕಾಂಕ್ರೀಟ್ ಜಲ್ಲಿಯ ಪುಡಿ ತಾಗಿಸಬೇಡಿ, ಸುಣ್ಣ ಕಟ್ಟಿ ರಂಧ್ರ ಮುಚ್ಚುತ್ತೆ.